ಸುಮ್ಮನಿರ್ರಿ, ಕುದುರಿ ಬೆದರತದ

ನಮ್ಮ ಮನೆಯಲ್ಲಿ ಜಗಳಗಳೆಲ್ಲ ಪಿಸುಮಾತಿನಲ್ಲೇ ನಡೆಯುತ್ತಿದ್ದವು. ಹೇಳಿದರೆ ಯಾರೂ ನಂಬುವುದಿಲ್ಲ. ಹುಮನಾಬಾದಿನ ನಮ್ಮ ಓಣಿಯಲ್ಲಿ ಎದುರು ಮನೆಯವರು ಮಗನನ್ನು ಊಟಕ್ಕೆ ಕರೆದರೆ ಊರಿಗೆಲ್ಲ ಕೇಳುತ್ತಿತ್ತು. ಅಂಥ ಕಡೆ ನಮ್ಮವ್ವ ಮಾತ್ರ ಅಪ್ಪನನ್ನು ಬರೀ ಉಸಿರಿನಲ್ಲಿ ಬೈಯುತ್ತಿದ್ದಳು. ಕಣ್ಣು ಕೆಂಪಗಾಗಿರುತ್ತಿದ್ದವು, ಕೊರಳ ನರ ಉಬ್ಬಿರುತ್ತಿದ್ದವು, ಕೈಯಲ್ಲಿ ಸೌಟು ಇರುತ್ತಿತ್ತು. ದನಿ ಮಾತ್ರ ದೇವರ ಮುಂದೆ ಕೂತು ಬೇಡಿಕೊಳ್ಳುವವರ ದನಿ. ಕಾರಣ ತಲಬಾಗಿಲ ಒಳಗೆ ನಿಂತಿರುತ್ತಿದ್ದ ಕುದುರೆ. ಕುದುರೆ ಅಂದರೆ ಸಾಕಿದ, ಪಳಗಿದ ಕುದುರೆಯಲ್ಲ. ಬಯಲಲ್ಲಿ ಹುಟ್ಟಿ, ಬಯಲಲ್ಲಿ ಬೆಳೆದು, ಮನುಷ್ಯನ ಕೈ ಅಂದರೆ ಕಲ್ಲು ಎಸೆಯುವ ಕೈ ಎಂದಷ್ಟೇ ತಿಳಿದ ಕುದುರೆ. ಅಂಥದನ್ನು ಅಪ್ಪ ಮನೆಗೆ ಕರೆದು ತರುತ್ತಿದ್ದ, ಹೊಡೆಯದೆ ಬಡಿಯದೆ ಪಳಗಿಸುತ್ತಿದ್ದ, ಪಳಗಿದ ಮೇಲೆ ಯಾರದೋ ಮನೆಗೆ ಕೊಟ್ಟುಬಿಡುತ್ತಿದ್ದ. ಒಂದು ಹೋಯಿತು ಎಂದು ಅವ್ವ ಅಂಗಳ ಸಾರಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತಿತ್ತು.

ಮನೆ ಹಳೆಯದು. ತಲಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದನ್ನು ಹಾಯ್ದು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಬೇರೆ ದಾರಿಯೇ ಇಲ್ಲ. ಶಾಲೆಗೆ ಹೋಗುವ ನಾನು, ನೀರು ತರುವ ಅವ್ವ, ಬೀಗರು ಬಿಜ್ಜರು, ಎಲ್ಲರೂ ದನಗಳ ನಡುವೆಯೇ ಹಾದು ಒಳಗೆ ಬರಬೇಕು. ಆಕಳಿನ ಪಕ್ಕದಲ್ಲಿ ಅಡ್ಡಗೋಲು ಕಟ್ಟಿ ಅಪ್ಪ ಕುದುರೆಗೆ ಜಾಗ ಮಾಡಿದ್ದ. ಅಲ್ಲಿಂದ ಅಡುಗೆಮನೆಯ ಸೌಟು ಬಿದ್ದ ಸಪ್ಪಳವೂ ಅದಕ್ಕೆ ಕೇಳುತ್ತಿತ್ತು. ಹಾಗಾಗಿ ಮನೆಗೆ ಒಂದು ಕಾನೂನು ಬಂತು: ಯಾರೂ ದನಿ ಏರಿಸಬಾರದು. ಅವ್ವನಿಗೆ ಅವಳ ಅಣ್ಣ ಕೊಡಿಸಿದ್ದ ಕುಕ್ಕರ್ ಅಟ್ಟ ಸೇರಿತು, ಸೀಟಿ ಹೊಡೆಯುತ್ತದಲ್ಲ, ಅದಕ್ಕೆ. ಮಿಕ್ಸರಿಗೆ ಬಟ್ಟೆ ಸುತ್ತಿ ಇಟ್ಟಾಯಿತು. ದನಿ ತೆಗೆದ ಟೀವಿಯಲ್ಲಿ ಹೆಂಗಸರು ಬಾಯಿ ಬಡಿದುಕೊಂಡು ಅಳುತ್ತಿದ್ದರು, ಯಾಕೆ ಅಳುತ್ತಾರೆಂದು ಗೊತ್ತಾಗುತ್ತಿರಲಿಲ್ಲ. ಸೀನು ಬಂದರೆ ನಾನು ಹಾಸಿಗೆಯಲ್ಲಿ ಮುಖ ಹುದುಗಿಸಬೇಕು. ಯಾರಾದರೂ ಮರೆತು ಜೋರಾಗಿ ಮಾತಾಡಿದರೆ ಅಪ್ಪ ತುಟಿಯ ಮೇಲೆ ಬೆರಳಿಡುತ್ತಿದ್ದ.

"ಸುಮ್ಮನಿರ್ರಿ, ಕುದುರಿ ಬೆದರತದ."

ಈ ಮಾತನ್ನು ನಾನು ಅಪ್ಪನ ಬಾಯಿಂದ ಕೇಳಿದಷ್ಟು ನನ್ನ ಹೆಸರನ್ನೂ ಕೇಳಿಲ್ಲ. ಈಗ ನಾನು ಇದೇ ಹುಮನಾಬಾದ್–ಬಸವಕಲ್ಯಾಣದ ದಾರಿಯಲ್ಲಿ ಬಸ್ ಕಂಡಕ್ಟರ್. ಟಿಕೆಟ್ ಎಂದು ಕೂಗಬೇಕಾದ ಕೆಲಸ, ಬಾಯಿ ತೆರೆದರೆ ಹೊರಡುವುದು ಗಾಳಿ. ಹಿಂದಿನ ಸೀಟಿನವರು "ಅಕ್ಕೋರ, ಜರಾ ಜೋರ ಮಾತಾಡ್ರಿ, ಊಟಾ ಮಾಡಿಲ್ಲೇನು?" ಎಂದು ಕೆಣಕುತ್ತಾರೆ. ಮನೆಯಲ್ಲಿ ನನ್ನ ಗಂಡ ಇನ್ನೂ ಒಂದು ಹೆಜ್ಜೆ ಮುಂದೆ. ನಾನು ಪಿಸುಗುಟ್ಟಲು ಶುರು ಮಾಡಿದೆ ಎಂದರೆ ಹೊರಗೆ ಎದ್ದು ಹೋಗುತ್ತಾನೆ, ಅದು ಸಿಟ್ಟಿನ ಗುರುತು ಎಂದು ಅವನಿಗೆ ಗೊತ್ತು. ಕುದುರೆ ಪಳಗಿಸಲು ಹೋಗಿ ಅಪ್ಪ ಪಳಗಿಸಿದ್ದು ನನ್ನ ಗಂಟಲನ್ನು.

ಕುದುರೆಗಳು ಬರುತ್ತಿದ್ದುದು ನಾರಾಯಣಪುರದ ಆಚೆಯ ಕುರುಚಲು ಬಯಲಿನಿಂದ. ಅಪ್ಪನ ಅಪ್ಪ ಟಾಂಗಾ ಹೊಡೆಯುತ್ತಿದ್ದವರು. ಮೂರು ಗಾಲಿಯ ಟಂಟಂಗಳು ಬಂದ ಮೇಲೆ ಟಾಂಗಾ ಹತ್ತುವವರಿಲ್ಲದೆ ಹೋದರು. ಹೊಟ್ಟೆಗೆ ಹಾಕಲಾಗದೆ ಹುಮನಾಬಾದಿನವರೂ ಬಸವಕಲ್ಯಾಣದವರೂ, ನಮ್ಮ ಬಾಯಲ್ಲಿ ಅದು ಬರೀ ಕಲ್ಯಾಣ, ತಮ್ಮ ಕುದುರೆಗಳನ್ನು ಅಲ್ಲಿಗೆ ಹೊಡೆದು ಬಿಟ್ಟು ಬಂದರು. ಅವು ಅಲ್ಲೇ ಮರಿ ಹಾಕಿದವು, ಮರಿಗಳು ದೊಡ್ಡವಾಗಿ ತೊಗರಿ ಹೊಲಗಳಿಗೆ ನುಗ್ಗಿದವು, ಹೊಲದವರು ಕವಣೆ ಬೀಸಿದರು. ಜನ ಅವನ್ನು ಬೇವಾರ್ಸಿ ಕುದುರೆ ಎಂದರು. ತಮಾಷೆ ನೋಡಿ, ನಮ್ಮಪ್ಪ ಹೊಟ್ಟೆಪಾಡಿಗೆ ಓಡಿಸುತ್ತಿದ್ದುದೂ ಟಂಟಮ್ಮನ್ನೇ. ಅದೇ ಅವನನ್ನು ಒಳಗೊಳಗೆ ಕೊರೆಯುತ್ತಿತ್ತೋ ಏನೋ. ಬಾಡಿಗೆ ಇಲ್ಲದ ಹೊತ್ತಿನಲ್ಲೆಲ್ಲ ಒಂದು ಕಟ್ಟು ಜೋಳದ ಕಣಿಕಿ ಮೇವು ಹಾಕಿಕೊಂಡು ಆ ಬಯಲಿಗೆ ಹೋಗಿ ಕೂರುತ್ತಿದ್ದ. ಹಿಡಿಯುವುದಿಲ್ಲ, ಅಟ್ಟುವುದಿಲ್ಲ, ಸುಮ್ಮನೆ ಕುದುರೆಗಳ ಕಡೆಗೆ ಬೆನ್ನು ಮಾಡಿ ಬೀಡಿ ಸೇದುತ್ತ ಕೂರುವುದು. ಯಾವುದು ತಾನಾಗಿ ಹತ್ತಿರ ಬಂದು ಅವನ ಬೆನ್ನು ಮೂಸುತ್ತದೋ ಅದು ಬರುವ ಕುದುರೆ. ತಿಂಗಳುಗಟ್ಟಲೆ ಕಾಯುತ್ತಿದ್ದ. ಮನೆಯಲ್ಲಿ ಹಿಟ್ಟು ಮುಗಿದಿದೆ ಎಂದು ಅವ್ವ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಆಮೇಲೆ ಕೇಳಿದರೆ ಕುದುರೆ ಹತ್ತಿರ ಬಂದಿತ್ತು ಎನ್ನುತ್ತಿದ್ದ. ಏನು ಮಾಡಬೇಕು ಇಂಥವರಿಗೆ!

ನಾನು ಹೇಳುತ್ತಿರುವ ಕುದುರೆ ಕಂದು ಬಣ್ಣದ ಹೆಣ್ಣು ಕುದುರೆ. ಪಕ್ಕೆಯ ಮೇಲೆ ಕವಣೆ ಕಲ್ಲಿನ ಹಳೆಯ ಗಾಯ. ಅದನ್ನು ತಂದ ದಿನ ಟಂಟಮ್ಮನ್ನು ಓಣಿಯ ತಿರುವಿನಲ್ಲೇ ಬಂದ್ ಮಾಡಿ, ಅಲ್ಲಿಂದ ಮನೆಯವರೆಗೆ ಅದರ ಮುಂದೆ ಮುಂದೆ ತಾನು ಕಣಿಕಿ ಹಿಡಿದು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ನಡೆದ. ಇಷ್ಟೇ ಇಷ್ಟುದ್ದದ ಓಣಿಗೆ ಮಧ್ಯಾಹ್ನದ ತನಕ. ಜನ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಅಪ್ಪ ಕುದುರೆಗಳಿಗೆ ಹೆಸರಿಡುತ್ತಿರಲಿಲ್ಲ, ಹೆಸರಿಡುವುದು ಅದು ಸೇರುವ ಮನೆಯವರ ಹಕ್ಕು ಎನ್ನುತ್ತಿದ್ದ. ಇದಕ್ಕೆ ಹೆಸರಿಟ್ಟವಳು ಅವ್ವ. ಮಾರನೆಯ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಅಪ್ಪ ಮೆಲ್ಲಗೆ ಅಡುಗೆಮನೆಗೆ ಬಂದು, ಸ್ವಲ್ಪ ಸಪ್ಪಳ ಕಡಿಮೆ ಮಾಡು ಎಂದ. ಅವ್ವ ಕೈ ನಿಲ್ಲಿಸಿದಳು. ಹಿಟ್ಟಿನ ಕೈಯನ್ನೇ ಅವನ ಮುಖದ ಮುಂದೆ ಹಿಡಿದು ಪಿಸುಗುಟ್ಟಿದಳು.

"ಮೆಲ್ಲಕ ಬಡದ್ರ ಅದು ರೊಟ್ಟಿ ಆಗಂಗಿಲ್ಲ. ಕುಕ್ಕರ್ ತಗದಿಟ್ಟೀನಿ, ಮಿಕ್ಸರ್ ತಗದಿಟ್ಟೀನಿ. ಇನ್ನ ರೊಟ್ಟೀನೂ ಬಿಡ್ಲೇನು? ನನ್ನ ಸವತಿಗಿ ಹೋಗಿ ಹೇಳ್ರಿ, ಈ ಮನ್ಯಾಗ ಬಾಳೇ ಮಾಡಬೇಕಂದ್ರ ರೊಟ್ಟಿ ಸಪ್ಪಳ ಕೇಳೇ ಮಾಡಬೇಕು."

ಅಂದಿನಿಂದ ಅದು ಸವತಿ. ನಾನೂ ಸವತಿ ಎಂದೆ, ಹಾಲು ಹಾಕಿಸಿಕೊಳ್ಳಲು ಬರುವವರೂ ಸವತಿ ಹ್ಯಾಂಗಿದಾಳ ಎಂದು ಕೇಳತೊಡಗಿದರು. ಅಪ್ಪ ಒಬ್ಬನೇ ಆ ಹೆಸರು ಹೇಳಲಿಲ್ಲ.

ಊಟದ ಕ್ರಮವನ್ನೂ ಅಪ್ಪ ಬದಲಿಸಿದ. ಪಡಸಾಲೆಯ ಅಂಚಿನಲ್ಲಿ, ಕುದುರೆಗೆ ಬೆನ್ನು ಕೊಟ್ಟು, ಸಾಲಾಗಿ ಕೂತು ಉಣ್ಣಬೇಕು. ತಿರುಗಿ ನೋಡಬಾರದು. ಮನುಷ್ಯರು ಹತ್ತಿರವಿದ್ದರೂ ತನ್ನ ತಂಟೆಗೆ ಬರುವುದಿಲ್ಲ ಎಂದು ಅದಕ್ಕೆ ಖಾತ್ರಿಯಾಗಬೇಕಂತೆ. ಹೀಗೆ ನಾವು ಗೋಡೆ ನೋಡುತ್ತ ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆವು. ಒಬ್ಬರ ಮುಖ ಒಬ್ಬರು ಕಾಣುತ್ತಿರಲಿಲ್ಲ, ಮಾತಿಲ್ಲ ಕತೆಯಿಲ್ಲ. ಎಳ್ಳಮಾಸೆಯ ಹಿಂದಿನ ದಿನ ನನ್ನ ಸೋದರಮಾವ ಚಿಟಗುಪ್ಪದಿಂದ ಬಂದಿದ್ದವನು, ಈ ಸಾಲಿನಲ್ಲಿ ಕೂತು ಅರ್ಧ ಉಂಡು, ಇದೇನು ಯಾರಾದರೂ ಸತ್ತಿದ್ದಾರೇನು ಎಂದು ಅವ್ವನನ್ನು ಕೇಳಿದ. ಅವ್ವ ಪಲ್ಯ ಬಡಿಸುತ್ತ, ಇಲ್ಲ, ನಾನೊಬ್ಬಳು ಸಾಯುವುದು ಬಾಕಿ ಎಂದಳು. ಅದನ್ನೂ ಪಿಸುಮಾತಿನಲ್ಲೇ ಹೇಳಿದಳು.

ಆದರೆ ಖರೆ ಹೇಳಬೇಕೆಂದರೆ ಅಪ್ಪನ ಕೆಲಸ ನೋಡುವುದು ಚಂದವಿತ್ತು. ಈಗಲೂ ಅದನ್ನು ಒಪ್ಪಿಕೊಳ್ಳಲು ನನಗೆ ಸಿಟ್ಟು ಬರುತ್ತದೆ. ಸವತಿಯ ಹೆಗಲ ಹತ್ತಿರ ನಿಂತು, ಮುಖ ಬೇರೆ ಕಡೆ ತಿರುಗಿಸಿ, ಬೆರಳ ಹಿಂಬದಿಯನ್ನಷ್ಟೇ ಅದರ ಕೊರಳಿಗೆ ತಾಕಿಸಿ ತೆಗೆದುಬಿಡುತ್ತಿದ್ದ. ತಾಕಿಸುವುದು, ತೆಗೆಯುವುದು. ಅಷ್ಟಕ್ಕೇ ಆ ದಿನದ ಪಾಠ ಮುಗಿಯುತ್ತಿತ್ತು. ಅದರ ಕಿವಿ ಹಿಂದಕ್ಕೆ ಮಡಚಿದರೆ ಒಂದು ಹೆಜ್ಜೆ ಹಿಂದೆ, ಕಿವಿ ಮುಂದೆ ಬಂದರೆ ನಿಂತಲ್ಲೇ ನಿಲ್ಲುವುದು, ತಲೆ ತಗ್ಗಿಸಿ ಬಾಯಿ ಆಡಿಸಿದರೆ ಅಪ್ಪನ ಮುಖದಲ್ಲಿ ಹಬ್ಬ. ಒಂದು ದಿನ ಶಾಲೆಯಿಂದ ಬಂದವಳನ್ನು ಅಡ್ಡಗೋಲಿನ ಹತ್ತಿರ ಕರೆದ.

"ಕಸ್ತೂರಿ, ಕೈ ಇಡು. ಆದ್ರ ಒಂದ ಮಾತು. ಅದಕ್ಕ ಸಾಕು ಅನಸೂಕಿಂತ ಮೊದಲ ನೀ ಕೈ ತಗೀಬೇಕು. ಆವಾಗ ಅದೇ ಇನ್ನೊಮ್ಮೆ ಇಡು ಅಂತದ."

ಇಟ್ಟೆ. ಬೆಚ್ಚಗಿತ್ತು, ಚರ್ಮದ ಕೆಳಗೆ ಸಣ್ಣಗೆ ನಡುಗುತ್ತಿತ್ತು. ತೆಗೆದೆ. ಸವತಿ ಮೂತಿ ಚಾಚಿ ನನ್ನ ಕೈ ಹುಡುಕಿ ಬಂದು ಅಂಗೈಯಲ್ಲಿ ಉಸಿರು ಬಿಟ್ಟಿತು. ನನಗೆ ಅಳುವೇ ಬಂತು, ಅಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಚಪ್ಪಾಳೆ ಹೊಡೆಯಲೂ ಆಗದೆ, ಒದರಲೂ ಆಗದೆ, ಒಳಗೆ ಓಡಿ ಅವ್ವನ ಸೆರಗು ಹಿಡಿದು ಕುಣಿದೆ. ಅವ್ವ, ಹೋಗು, ನೀನೂ ಅವರ ಪಾರ್ಟಿ ಸೇರಿದಿ ಎಂದು ತಲೆಗೆ ಮೊಟಕಿದಳು.

ಇನ್ನು ಆಯಿಯ ವಿಷಯ. ಆಯಿ ಅಂದರೆ ಅಪ್ಪನ ತಾಯಿ. ಪಡಸಾಲೆಯ ಮೂಲೆಯಲ್ಲಿ, ಕಂಬಕ್ಕೆ ಒರಗಿ ಕೂರುವ ಜಾಗ ಅವಳದು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಪೂರ್ತಿ ಕೇಳುತ್ತಿರಲಿಲ್ಲ ಎಂದಲ್ಲ, ಹತ್ತಿರ ಹೋಗಿ ಒದರಿದರೆ ಕೇಳುತ್ತಿತ್ತು. ಈ ಒಂದು ಮಾತನ್ನು ಓದಿದವರಿಗೆ ನಮ್ಮ ಮನೆಯ ಅವಸ್ಥೆ ಅರ್ಥವಾಗಿರಬೇಕು. ಒದರುವಂತಿಲ್ಲದ ಮನೆಯಲ್ಲಿ, ಒದರಿದರೆ ಮಾತ್ರ ಕೇಳುವ ಒಬ್ಬ ಮುದುಕಿ. ಹಿಂದೆಲ್ಲ ಅಪ್ಪ ಸಂಜೆ ಬಂದು ಅವಳ ಕಿವಿಯಲ್ಲಿ ಊರ ಸುದ್ದಿಯೆಲ್ಲ ಒದರುತ್ತಿದ್ದ. ಯಾರ ಎಮ್ಮೆ ಈದಿತು, ಯಾರ ಸೊಸೆ ತವರಿಗೆ ಹೋದಳು, ಕಲ್ಯಾಣಕ್ಕೆ ತಿರುಗುವ ಬಂಗ್ಲಾ ಕ್ರಾಸಿನ ಹತ್ತಿರ ಯಾವ ಲಾರಿ ಮಗುಚಿತು. ಕುದುರೆಗಳು ಬಂದ ಮೇಲೆ ಅದು ನಿಂತಿತು. ಮೊದಮೊದಲು ಅಪ್ಪ ಅವ್ವ ಅವಳನ್ನು ಓಣಿಯ ಕಟ್ಟೆಗೆ ಕರೆದೊಯ್ದು ಹೇಳುತ್ತಿದ್ದರು. ಅವಳಿಗೆ ಮೊಳಕಾಲು ನೋವು, ಇವರಿಗೆ ಪುರುಸೊತ್ತಿಲ್ಲ. ಅದೂ ತಪ್ಪಿತು. ಕಿವಿ ಕೇಳದವರು ತಾವೂ ಜೋರಾಗಿಯೇ ಮಾತಾಡುತ್ತಾರೆ. ಆಯಿ ಬಾಯಿ ತೆರೆದಳೆಂದರೆ ಸವತಿ ಗೋಡೆಗೆ ಹೋಗಿ ಅಂಟಿಕೊಳ್ಳುತ್ತಿತ್ತು, ಅಪ್ಪ ಅಲ್ಲಿಂದಲೇ ತುಟಿಯ ಮೇಲೆ ಬೆರಳಿಡುತ್ತಿದ್ದ. ಅವಳಿಗೆ ಕಾಣುತ್ತಿದ್ದುದು ಅಷ್ಟೇ: ಮಗ ನನ್ನ ಕಡೆ ನೋಡಿದ, ಬಾಯಿ ಮುಚ್ಚು ಎಂದ. ಅವ್ವ, ಅಪ್ಪ ಮೂಲೆಯಲ್ಲಿ ತಲೆಗೆ ತಲೆ ಹಚ್ಚಿ ಪಿಸುಗುಟ್ಟುವುದೂ ಕಾಣುತ್ತಿತ್ತು. ಅವರು ಜಗಳವಾಡುತ್ತಿದ್ದರು, ಅವಳಿಗೆ ಅದು ತನ್ನ ವಿರುದ್ಧದ ಮಸಲತ್ತಿನಂತೆ ಕಂಡಿತು. ಬರಬರುತ್ತ ಆಯಿ ಮಾತೇ ಬಿಟ್ಟಳು. ಮನೆ ಎಷ್ಟು ಶಾಂತವಾಯಿತು ನೋಡು ಎಂದು ಅಪ್ಪ ಖುಷಿಪಟ್ಟ!

ಆ ಚಳಿಗಾಲದಲ್ಲಿ ಕಲ್ಯಾಣದ ಕಲಾವತಿ ಅತ್ತೆಯ ಮಗಳು ಭಾಗ್ಯಳ ಮದುವೆ ಗೊತ್ತಾಯಿತು. ಕಲಾವತಿ ಅತ್ತೆ ಅಪ್ಪನ ತಂಗಿ. ಭಾಗ್ಯ ಆಯಿಯ ಮೊದಲ ಮೊಮ್ಮಗಳು, ಆಯಿಯ ಕೈಯಲ್ಲೇ ನೀರು ಎರೆಸಿಕೊಂಡು ಬೆಳೆದವಳು. ಅತ್ತೆ ಅಪ್ಪನಿಗೆ ಫೋನ್ ಮಾಡಿ, ಅವ್ವನಿಗಿ ನೀನೇ ಹೇಳಣ್ಣ, ಆಕಿಗಿ ಫೋನಿನ್ಯಾಗ ಕೇಳಂಗಿಲ್ಲ ಎಂದಳು. ಅಪ್ಪ ನಮ್ಮವ್ವನ ಹತ್ತಿರ ಪಿಸುಗುಟ್ಟಿದ. ಆಯಿಗೆ ಅಪ್ಪ ಹೇಳಿರುತ್ತಾನೆ ಎಂದು ಅವ್ವ ತಿಳಿದಳು, ಅವ್ವ ಕಟ್ಟೆಗೆ ಕರೆದೊಯ್ದು ಹೇಳಿರುತ್ತಾಳೆ ಎಂದು ಅಪ್ಪ ತಿಳಿದ. ಇಬ್ಬರೂ ಸೀರೆ ಯಾವುದು, ಪಾತ್ರೆ ಯಾವುದು ಎಂದು ದಿನಾ ಪಿಸುಗುಟ್ಟಿದರು. ಆಯಿ ಕಂಬಕ್ಕೆ ಒರಗಿ ಅವರ ತುಟಿಗಳನ್ನು ನೋಡುತ್ತ ಕೂತಿರುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಅವಳು ಬಿಸಿಲು ಕಾಯಿಸಿಕೊಳ್ಳಲು ಕಟ್ಟೆಯ ಮೇಲೆ ಕೂತಿದ್ದಾಗ ಎದುರು ಮನೆಯ ಶಾಂತವ್ವ ಬಂದು ಕಿವಿಯಲ್ಲಿ ಒದರಿದಳು.

"ಏನ ಆಯೀ, ಮೊಮ್ಮಗಳ ಲಗ್ನ ಅಂತ, ಬಾಯಿ ಬಿಡವಲ್ಲಿ! ನಮಗ ಹೇಳಿದ್ರ ನಾವೇನ ದೃಷ್ಟಿ ಹಚ್ತೀವೇನು?"

ಆಯಿ ಎದ್ದಳು. ಮೊಳಕಾಲು ನೋವು ಎಲ್ಲಿ ಹೋಯಿತೋ. ನಾನು ತಲಬಾಗಿಲಲ್ಲೇ ಇದ್ದೆ, ನನ್ನನ್ನು ಸರಿಸಿ ಒಳಗೆ ಬಂದು, ಸವತಿಯ ಕಾಲು ಹಿಡಿದು ಗೊರಸು ನೋಡುತ್ತಿದ್ದ ಅಪ್ಪನ ಮುಂದೆ ನಿಂತು ಪೂರ್ತಿ ದನಿಯಲ್ಲಿ ಕೇಳಿದಳು.

"ಶರಣ್ಯಾ! ಭಾಗ್ಯಾನ ಲಗ್ನ ಗೊತ್ತಾಗ್ಯದೇನು? ಊರಿಗೆಲ್ಲ ಗೊತ್ತದ, ನನಗ ಗೊತ್ತಿಲ್ಲ? ನಾ ಸತ್ತೀನೇನು ಈ ಮನ್ಯಾಗ? ಗ್ವಾಡಿಗಿ ಹಾಕಿದ ಫೋಟೋ ಆಗೀನೇನು?"

ಸವತಿ ಎರಡು ಕಾಲ ಮೇಲೆ ಎದ್ದು ಬಿಟ್ಟಿತು. ಅಡ್ಡಗೋಲು ಮುರಿಯಿತು, ಹಾಲಿನ ಕೊಡ ಉರುಳಿತು, ಆಕಳು ಹಗ್ಗ ಜಗ್ಗಿತು. ಆಗ ಅಪ್ಪ ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವನು ಮೊದಲು ಕುದುರೆಯನ್ನೇ ನೋಡಿದ. ಒಂದು ಕೈಯನ್ನು ಅದರ ಕೊರಳ ಕಡೆ ಚಾಚಿ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು ತಾಯಿಯ ಕಡೆ ತಿರುಗಿದ. ಆಯಿ ಆ ಬೆರಳನ್ನೇ ನೋಡಿದಳು. ಒಳಗೆ ಹೋಗಿ ಚೀಲದಲ್ಲಿ ತನ್ನ ಸೀರೆಗಳನ್ನು ತುರುಕಿ, ಅವ್ವ ಕೈ ಹಿಡಿದರೂ ಕೊಡವಿಕೊಂಡು, ಸ್ಟ್ಯಾಂಡಿಗೆ ಹೋಗಿ ಕಲ್ಯಾಣದ ಬಸ್ ಹತ್ತಿ ಮಗಳ ಮನೆ ಸೇರಿದಳು. ಕುದುರೆ ಶಾಂತವಾಗುವ ಹೊತ್ತಿಗೆ ಬಸ್ ಊರು ದಾಟಿತ್ತು.

ಎರಡು ದಿನದಲ್ಲಿ ಸಿಟ್ಟು ಇಳಿಯುತ್ತದೆ, ಬರುತ್ತಾಳೆ ಎಂದು ಅಪ್ಪ ಕಾದ. ಕಾಯುವುದರಲ್ಲಿ ಅವನನ್ನು ಮೀರಿಸುವವರು ಯಾರು? ಆಯಿ ಬರಲಿಲ್ಲ. ಅಷ್ಟರಲ್ಲಿ ಸವತಿಯ ಪಾಠ ಮುಗಿಯಿತು. ಬೆನ್ನ ಮೇಲೆ ಗಂಟು ಹೊರುತ್ತಿತ್ತು, ಕಾಲು ಎತ್ತಿ ಕೊಡುತ್ತಿತ್ತು, ಕರೆದರೆ ಬರುತ್ತಿತ್ತು. ಗೋರ್ಟಾದ ಕಡೆ ಕುರಿ ಮೇಯಿಸುತ್ತ ತಿರುಗುವ ಬೀರಪ್ಪ ಮಾಮಾ, ಬಿಡಾರದ ಸಾಮಾನು ಹೊರಲು ಒಂದು ಕುದುರೆ ಬೇಕು ಎಂದು ಮೊದಲೇ ಹೇಳಿಟ್ಟಿದ್ದ. ಒಳ್ಳೆಯ ಮನುಷ್ಯ, ಪ್ರಾಣಿಗಳ ಮೇಲೆ ಕೈ ಎತ್ತಿದವನಲ್ಲ. ಅವನು ಬಂದು ಕರೆದೊಯ್ದ. ಅಪ್ಪ ಓಣಿಯ ತಿರುವಿನವರೆಗೆ ಹೋಗಿ ನಿಂತು ಬಹಳ ಹೊತ್ತು ಬರಲಿಲ್ಲ. ನಾನು ಅತ್ತುಬಿಟ್ಟೆ. ಅವ್ವ ಸಗಣಿ ನೀರು ಕಲಸಿ ಆ ಜಾಗವನ್ನು ಸಾರಿಸಿದಳು, ಅದೂ ಎರಡು ಸಲ.

ವಾರ ತುಂಬುವ ಮೊದಲೇ ಬೀರಪ್ಪ ಮಾಮಾ ಸವತಿಯನ್ನು ಹಿಡಿದುಕೊಂಡು ತಲಬಾಗಿಲಲ್ಲಿ ನಿಂತಿದ್ದ. ತಲೆಯ ಪಟಗಾ ಬಿಚ್ಚಿ ಮುಖ ಒರೆಸಿಕೊಂಡು, ಸಂಕೋಚದಿಂದಲೇ ಹೇಳಿದ.

"ಕುದುರಿ ಬಂಗಾರದಂಥಾದ್ದ ಅದ ಅಣ್ಣಾ, ಸುಳ್ಳ ಹೇಳಂಗಿಲ್ಲ. ಆದ್ರ ನನ್ನ ಹೆಂಡ್ತಿ ಕುರಿ ಕರದ್ರ ಇದು ಓಡತದ. ನಾಯಿ ಬೊಗಳಿದ್ರ ಓಡತದ. ಹುಡುಗೂರು ನಕ್ಕರ ಗಡಿಗಿ ಮಡಿಕಿ ಎಲ್ಲಾ ಒದ್ದು ಓಡತದ. ನಮ್ಮ ಬಿಡಾರದಾಗ ಬಾಯಿ ಮುಚಗೊಂಡು ಬಾಳೇ ಮಾಡಾಕ ಆಗಂಗಿಲ್ಲರಿ."

ಅಪ್ಪ ಮಂಕು ಬಡಿದವನಂತೆ ನಿಂತ. ಕೈಗೆ ಹೆದರದ ಕುದುರೆ ಮಾಡಿದ್ದ, ಹಗ್ಗಕ್ಕೆ ಹೆದರದ ಕುದುರೆ ಮಾಡಿದ್ದ. ಆದರೆ ಜಗತ್ತಿನಲ್ಲಿ ನಮ್ಮ ಮನೆಯಂಥ ಮನೆ ಇನ್ನೊಂದು ಇಲ್ಲವೆನ್ನುವುದು ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಗೆ ಮಾತ್ರ ಸರಿಹೋಗುವ ಕುದುರೆಯನ್ನು ತಯಾರು ಮಾಡಿ ಇಟ್ಟಿದ್ದ. ಬೀರಪ್ಪ ಮಾಮಾ ಚಹಾ ಕುಡಿದು ಹೋದ ಮೇಲೆ ಅಡುಗೆಮನೆಯಿಂದ ಒಂದು ಸಪ್ಪಳ ಕೇಳಿಸಿತು. ಅವ್ವ ಸ್ಟೂಲ್ ಹತ್ತಿ ಅಟ್ಟದಿಂದ ಕುಕ್ಕರ್ ಇಳಿಸುತ್ತಿದ್ದಳು. ಬೇಳೆ ಹಾಕಿ ಒಲೆಯ ಮೇಲಿಟ್ಟಳು. ಸೀಟಿ ಹೊಡೆಯಿತು. ಸವತಿ ಗೋಡೆಗೆ ಹಾರಿತು. ಅಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬಂದ. ಅವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಅಷ್ಟು ತಿಂಗಳಲ್ಲಿ ನಾನು ಅವಳ ನಿಜವಾದ ದನಿ ಕೇಳಿದ್ದು ಆಗಲೇ.

"ಆ ಬೆರಳ ತಗೀರಿ! ಆ ಬೆರಳ ನೋಡೇ ನಿಮ್ಮವ್ವ ಮನಿ ಬಿಟ್ಟು ಹೋದ್ಲು. ಕುದುರಿ ಕಿವಿ ಯಾ ಕಡಿ ತಿರಗತದ ಅಂತ ದಿನಪೂರ್ತಿ ನೋಡ್ತೀರಿ. ಹಡದ ತಾಯಿ ಮಾರಿ ಒಂದ ದಿನ ನೋಡೀರೇನು? ಆಕಿ ಮಾತ ಬಿಟ್ಟಾಗ ಮನಿ ಶಾಂತ ಆತು ಅಂದ್ರಿ. ಕುದುರಿ ಮೇವು ಬಿಟ್ರ ಹಂಗ ಅಂತಿದ್ರೇನು?"

ಅಪ್ಪ ಬೆರಳು ಇಳಿಸಿದ. ಮತ್ತೊಂದು ಸೀಟಿ ಹೊಡೆಯಿತು, ಅವನು ಕುದುರೆಯ ಹತ್ತಿರ ಹೋಗಲಿಲ್ಲ. ಆಮೇಲಿನ ದಿನಗಳಲ್ಲಿ ಅವ್ವ ತಡೆದಿಟ್ಟುಕೊಂಡದ್ದನ್ನೆಲ್ಲ ಹೊರಹಾಕಿದಳು. ಮಿಕ್ಸರ್ ತಿರುಗಿತು, ಟೀವಿಯ ಹೆಂಗಸರಿಗೆ ದನಿ ಬಂತು, ಅಪ್ಪನಿಗೆ ಬೈಗುಳಗಳು ಎದುರು ಮನೆಗೆ ಕೇಳುವಂತೆ ಬಿದ್ದವು. ಸವತಿ ಮೊದಲು ನಡುಗಿತು, ಆಮೇಲೆ ಬೆಚ್ಚಿತು, ಆಮೇಲೆ ಬರೀ ಒಂದು ಕಿವಿ ತಿರುಗಿಸಿ ಮೇವು ತಿನ್ನುವುದನ್ನು ಮುಂದುವರಿಸಿತು. ಅಪ್ಪ ತಾಕಿಸಿ ತೆಗೆದ ಹಾಗೆಯೇ ಅವ್ವನೂ ತನಗೆ ತಿಳಿಯದೆ ಬೈದು ನಿಲ್ಲಿಸುತ್ತಿದ್ದಳು, ಉಸಿರು ತೆಗೆದುಕೊಳ್ಳಬೇಕಲ್ಲ. ಯುಗಾದಿಯ ಹೊತ್ತಿಗೆ ಬೀರಪ್ಪ ಮಾಮಾ ಮತ್ತೆ ಬಂದು ಕರೆದೊಯ್ದ, ಈ ಸಲ ಅದು ಹಿಂದಿರುಗಲಿಲ್ಲ. ಅವರ ಬಿಡಾರದಲ್ಲಿ ಅದಕ್ಕೆ ಗೌರಿ ಎಂದು ಹೆಸರಿಟ್ಟಿದ್ದಾರೆಂದು ಕೇಳಿ ಅವ್ವ ಮೂಗು ಮುರಿದಳು.

ಆದರೆ ಮನೆಯಲ್ಲಿ ಒದರಾಟ ಶುರುವಾದ ಮೇಲೆ ಕಂಬದ ಬುಡ ಇನ್ನೂ ಖಾಲಿಯಾಗಿ ಕಾಣಿಸಿತು. ಈಗ ಎಷ್ಟು ಬೇಕಾದರೂ ಕೂಗಬಹುದಿತ್ತು, ಕೂಗಿಸಿಕೊಳ್ಳಬೇಕಾದವಳು ಇರಲಿಲ್ಲ. ಕುಕ್ಕರ್ ಇಳಿಸಿದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಅಪ್ಪ ಊಟಕ್ಕೆ ಕೂತವನು ರೊಟ್ಟಿ ಮುರಿದು ಹಾಗೇ ಬಿಟ್ಟು ಎದ್ದ. ನನ್ನನ್ನು ಟಂಟಮ್ಮಿನಲ್ಲಿ ಕೂರಿಸಿಕೊಂಡು ಕಲ್ಯಾಣಕ್ಕೆ ಹೊರಟ. ಬಂಗ್ಲಾದ ಹತ್ತಿರ ಗಾಡಿ ನಿಲ್ಲಿಸಿ, ಆಯಿ ಬಾರದಿದ್ದರೆ ಏನು ಮಾಡೋದು ಕಸ್ತೂರಿ ಎಂದು ಕೇಳಿದ. ನನ್ನಂಥ ಸಣ್ಣವಳನ್ನು ಕೇಳುತ್ತಿದ್ದಾನಲ್ಲ ಎಂದು ನನಗೆ ಹೆದರಿಕೆಯಾಯಿತು.

ಕಲಾವತಿ ಅತ್ತೆಯ ಮನೆ ಕೋಟೆಯ ಕಡೆಯ ಓಣಿಯಲ್ಲಿ. ಅವಳ ಗಂಡ ಹಿಟ್ಟಿನ ಗಿರಣಿ ನಡೆಸುತ್ತಿದ್ದರು, ಗಿರಣಿ ಮನೆಗೆ ಅಂಟಿಕೊಂಡೇ ಇತ್ತು. ಬೆಳಗಿನಿಂದ 'ಧಡಧಡ' ಸಪ್ಪಳ. ಆ ಮನೆಯಲ್ಲಿ ಉಪ್ಪು ಬೇಕೆಂದರೂ ಒದರಿಯೇ ಕೇಳಬೇಕು. ಹಾಗಾಗಿ ಆಯಿಗೆ ಅಲ್ಲಿ ಎಲ್ಲರ ಮಾತೂ ಕೇಳುತ್ತಿತ್ತು. ಗಿರಣಿಯ ಮುಂದಿನ ಕಟ್ಟೆಯಲ್ಲಿ, ಹಿಟ್ಟಿನ ಡಬ್ಬಿ ಹಿಡಿದು ಪಾಳಿಗೆ ನಿಂತ ಹೆಂಗಸರ ನಡುವೆ, ಮದುವೆಯ ಅಕ್ಕಿ ಆರಿಸುತ್ತ ಕೂತಿದ್ದಳು. ಮುಖದಲ್ಲಿ ರಕ್ತ ತುಂಬಿತ್ತು, ಯಾರದೋ ಮಾತಿಗೆ ಬಾಯ್ತುಂಬ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅಪ್ಪನನ್ನು ಕಂಡೊಡನೆ ನಗು ನಿಂತಿತು. ಅಪ್ಪ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಏನೋ ಹೇಳಿದ. ಮೆಲ್ಲಗೆ ಮಾತಾಡಿ ಮಾತಾಡಿ ಅದೇ ರೂಢಿಯಾಗಿತ್ತು. ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ.

"ಕಸ್ತೂರೀ, ನಿಮ್ಮಪ್ಪ ಬಾಯಿ ಅಳ್ಳಾಡಸಾಕತ್ತಾನ. ಏನ ಅಂತಾನ?"

ಹೊರಗೆ ಬಂದ ಅತ್ತೆ, ನಾನು ಹೇಳುತ್ತೇನೆ ಎಂದು ಅವಳ ಕಿವಿಯ ಹತ್ತಿರ ಬಗ್ಗಿದಳು. ಆಯಿ ಅವಳನ್ನು ದೂಡಿದಳು.

"ನೀ ಹೇಳಬ್ಯಾಡ. ಅವಗ ಬಾಯಿ ಇಲ್ಲೇನು?"

ಅತ್ತೆಯ ಗಂಡ ಗಿರಣಿ ಬಂದ್ ಮಾಡಲು ಹೋದರು. ಆಯಿ ಅಲ್ಲಿಂದಲೇ ಕೈ ಎತ್ತಿದಳು.

"ಗಿರಣಿ ನಡೀಲಿ. ಮಂದಿ ಪಾಳಿಗಿ ನಿಂತಾರ."

ಅಪ್ಪ ಗಂಟಲು ಸರಿಮಾಡಿಕೊಂಡು ಕೂಗಿದ. ಕೀರಲು ದನಿ ಹೊರಟಿತು, ಪಾಳಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಮತ್ತೆ ಕೂಗಿದ, ದನಿ ಒಡೆಯಿತು. ಆಮೇಲೆ ಎದ್ದು ನಿಂತು, ಎರಡೂ ಕೈ ಮುಷ್ಟಿ ಮಾಡಿ, ಒದರಿದ.

"ಅವ್ವಾ, ಮನಿಗಿ ಬಾ!"

"ಯಾಕ ಬರ್ಲಿ? ಏನದ ಅಲ್ಲಿ? ಏನ ನಡದದ ಅಲ್ಲಿ, ನನಗೇನ ಗೊತ್ತು?"

ಅಪ್ಪನಿಗೆ ಮೊದಲು ತಿಳಿಯಲಿಲ್ಲ. ನನ್ನ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಆಮೇಲೆ ತಿಳಿಯಿತು. ನಿಂತಲ್ಲೇ ನಿಂತು ಸುದ್ದಿ ಹೇಳಲು ಶುರು ಮಾಡಿದ, ಅಷ್ಟೂ ತಿಂಗಳ ಸುದ್ದಿಯನ್ನು. ಆಕಳು ಈದದ, ಹೆಣ್ಣು ಕರ! ಎದುರು ಮನೆ ಶಾಂತವ್ವನ ಗ್ವಾಡಿ ಬಿದ್ದದ! ನಿನ್ನ ಸೊಸಿ ಹಲ್ಲು ಕೀಳಿಸ್ಯಾಳ, ಎರಡು ದಿನ ಮಾರಿ ಬಾತಿತ್ತು! ಟಂಟಂ ಇಂಜಿನ್ ಕೆಟ್ಟಿತ್ತು, ರಿಪೇರಿ ಆಗ್ಯದ! ಕಸ್ತೂರಿ ಲೆಕ್ಕದಾಗ ಫೇಲ್ ಆಗ್ಯಾಳ! ಇದೊಂದನ್ನು ಕಲ್ಯಾಣದ ಓಣಿಗೆಲ್ಲ ಸಾರುವ ಅಗತ್ಯವೇನಿತ್ತೋ ದೇವರೇ ಬಲ್ಲ, ಹೆಂಗಸರೆಲ್ಲ ತಿರುಗಿ ನನ್ನನ್ನೇ ನೋಡಿದರು. ಗಿರಣಿಯ ಸಪ್ಪಳದ ಮೇಲೆ ಅಪ್ಪನ ದನಿ ಏರುತ್ತಲೇ ಹೋಯಿತು, ಬೆವರು ಇಳಿಯುತ್ತಿತ್ತು. ಆಯಿ ಅಕ್ಕಿಯ ಮೊರ ಕೆಳಗಿಟ್ಟು, ಗದ್ದಕ್ಕೆ ಕೈಕೊಟ್ಟು ಕೇಳಿದಳು. ಪ್ರತಿ ಸುದ್ದಿ ಮುಗಿದಾಗಲೂ ಒಂದೇ ಮಾತು.

"ಆಮ್ಯಾಲ?"

ಹೇಳುತ್ತ ಹೇಳುತ್ತ ಸುದ್ದಿಗಳು ಮುಗಿದವು. ಅಪ್ಪ ನೆಲ ನೋಡುತ್ತ ನಿಂತ.

"ಇಷ್ಟೇನಾ? ಮತ್ತೇನೂ ಇಲ್ಲಾ?"

ಅಪ್ಪ ತಲೆ ಎತ್ತಿದ. ಆಯಿಯ ಮುಂದಿದ್ದ ಮೊರದ ತುಂಬ ಆ ಮದುವೆಯದೇ ಅಕ್ಕಿ, ಅವಳ ಬೆನ್ನಿನ ಹಿಂದಿನ ಗೋಡೆಗೆ ಆ ಮದುವೆಗೆಂದೇ ಬಳಿದ ಹೊಸ ಸುಣ್ಣ, ಮದುಮಗಳು ಭಾಗ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಪ್ಪ ಇದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಒದರಿದ.

"ಅವ್ವಾ! ನಮ್ಮ ಭಾಗ್ಯಾನ ಲಗ್ನ ಗೊತ್ತಾಗ್ಯದ!"

ಆಯಿ ಎರಡೂ ಕೈಯನ್ನು ಕೆನ್ನೆಗೆ ತಂದುಕೊಂಡಳು. ಕಣ್ಣು ಅಗಲವಾದವು.

"ಹೌದಾ! ಯಾವಾಗಪ್ಪಾ? ಯಾರ ಮನಿಗಿ ಕೊಟ್ರಿ? ಹುಡುಗ ಹ್ಯಾಂಗಿದಾನ?"

ಹೆಂಗಸರು ಯಾರೂ ನಗಲಿಲ್ಲ. ಅಪ್ಪ ಅಳುತ್ತ, ಮೂಗು ಒರೆಸಿಕೊಳ್ಳುತ್ತ, ಹುಡುಗನ ಊರು, ಹುಡುಗನ ಹೆಸರು, ಅವನ ಅಣ್ಣ ತಮ್ಮಂದಿರು, ಅವರ ಹೊಲ ಎಲ್ಲಿದೆ ಎನ್ನುವುದನ್ನು ಒಂದೊಂದಾಗಿ ಒದರಿ ಹೇಳಿದ. ಆಯಿ ಒಂದೊಂದಕ್ಕೂ ಹೌದಾ ಎಂದಳು. ಎಲ್ಲ ಕೇಳಿ ಮುಗಿದ ಮೇಲೆ ಭಾಗ್ಯಳನ್ನು ಹತ್ತಿರ ಕರೆದು ಕೆನ್ನೆ ಸವರಿ ಲಟಿಕೆ ಮುರಿದಳು. ಆಮೇಲೆ ಅತ್ತೆಯ ಕಡೆ ತಿರುಗಿ ಹೇಳಿದಳು.

"ಏ ಕಲಾವತಿ, ಒಂದ ಹಿಡಿ ಸಕ್ಕರಿ ತಗೊಂಡು ಬಾ. ನನ್ನ ಮಗಾ ಇಷ್ಟ ದೂರಿಂದ ನನಗ ಸುದ್ದಿ ಹೇಳಾಕ ಬಂದಾನ, ಅವನ ಬಾಯಾಗ ಹಾಕ್ತೀನಿ."